ಬಿ ಸೈಡಿನ ಕೊನೆಯ ಹಾಡು

ಹಾಡುವಾಗ ಅವನು ಒಂದೇ ಕಣ್ಣು ಮುಚ್ಚುತ್ತಿದ್ದ. ಎಡಗಣ್ಣು ದೇವರ ಪಾಲಿಗೆ, ಬಲಗಣ್ಣು ನಮ್ಮ ಪಾಲಿಗೆ. ಯಾರು ತೂಕಡಿಸುತ್ತಿದ್ದಾರೆ, ಯಾರು ನಡುವೆ ಎದ್ದು ಹೋದರು, ಚಹಾದ ತಾಟು ಯಾವ ಮೂಲೆಗೆ ಬಂತು, ಎಲ್ಲವೂ ಆ ಬಲಗಣ್ಣಿಗೆ ಬೇಕು. ಕತ್ತಿನ ನರ ಹೆಬ್ಬೆರಳಿನ ಗಾತ್ರ ಉಬ್ಬುತ್ತಿತ್ತು, ಎಲೆಯಡಿಕೆಯ ಕೆಂಪು ತುಟಿಯಂಚಿನಲ್ಲಿ ಇಳಿಯುತ್ತಿತ್ತು. ಜನ ಇದನ್ನು ನೋಡಿ ಕೈ ಮುಗಿಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಬ್ಯಾಡಗಿಯಲ್ಲಿ ಅವನದು ಅರಿವೆ ಅಂಗಡಿ. ಅಪ್ಪನ ಗೆಳೆಯನಾದ್ದರಿಂದ ನಮಗೆಲ್ಲ ಕಾಕಾ. ಪದ ತಾನೇ ಕಟ್ಟುತ್ತಿದ್ದ, ತಾನೇ ಹಾಡುತ್ತಿದ್ದ. ಗಿರಾಕಿ ಎದುರಿಗೆ ನಿಂತಿರುವಾಗ ಒಂದು ಸಾಲು ಹೊಳೆಯಿತೋ, ಗಜ ಒಂದು ಕಡೆ, ಕತ್ತರಿ ಇನ್ನೊಂದು ಕಡೆ. ನನ್ನ ಮದುವೆಯ ಕುಪ್ಪಸದ ಬಟ್ಟೆಯನ್ನು ಹೀಗೇ ಗೇಣು ಕಡಿಮೆ ಹರಿದುಕೊಟ್ಟ. ಜಗಳಕ್ಕೆ ಹೋದರೆ, ಸಿಟ್ಟಾಗಬೇಡ, ಪದ ಮಾತ್ರ ಬಹಳ ಚೆನ್ನಾಗಿ ಬಂತು ಎಂದು ಅಂಗಡಿಯಲ್ಲೇ ಹಾಡಿ ತೋರಿಸಿದ. ಸುತ್ತ ನಿಂತವರು ತಲೆದೂಗಿದರು. ನಾನು ಗಿಡ್ಡ ತೋಳಿನ ಕುಪ್ಪಸ ತೊಟ್ಟು ಮದುವೆಯಾದೆ.

ನಮ್ಮ ಕಡೆ ಸಾವಾದ ಮನೆಯಲ್ಲಿ ಭಜನೆ ಮಾಡಿಸುತ್ತಾರೆ. ಹೆಣವನ್ನು ಕೂರಿಸಿ, ಎದುರಿಗೆ ಹಾರ್ಮೋನಿಯಂ ಪೇಟಿ, ತಬಲಾ, ತಾಳ ಇಟ್ಟುಕೊಂಡು, ಮಣ್ಣಿಗೆ ಒಯ್ಯುವ ತನಕ ಹಾಡುತ್ತಾರೆ. ಕೊನೆಗೆ ಮಂಗಳ. ಮಂಗಳ ಆಗದೆ ಹೆಣ ಎತ್ತುವ ಹಾಗಿಲ್ಲ, ಆದ ಮೇಲೆ ಇಟ್ಟುಕೊಳ್ಳುವ ಹಾಗೂ ಇಲ್ಲ. ಕಾಕಾ ಹೆಸರಾದದ್ದು ಈ ಭಜನೆಯಿಂದ. ಪ್ರತಿ ಸಾವಿಗೂ ಅಲ್ಲಿಯೇ ಕೂತು ಸತ್ತವರ ಮೇಲೆ ಒಂದು ಹೊಸ ಪದ ಕಟ್ಟುತ್ತಿದ್ದ. ಕರ್ಜಗಿಯಿಂದ, ಮೋಟೆಬೆನ್ನೂರಿನಿಂದ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಹಾವೇರಿಯ ವಕೀಲರೊಬ್ಬರು ತಾವು ಸತ್ತರೆ ಏನು ಹಾಡುತ್ತೀ ಎಂದು ಕೇಳಿದಾಗ, “ಮೊದಲ ನೀವು ಸಾಯ್ರಿ, ಆಮ್ಯಾಲ ನೋಡೂಣು” ಎಂದಿದ್ದನಂತೆ. ಅಪ್ಪ ಇದನ್ನು ಹೇಳಿ ಹೇಳಿ ನಗುತ್ತಿದ್ದ.

ಹೀಗೆ ಹಾಡಿದ ಪದವನ್ನು ಮತ್ತೆ ಎಲ್ಲಿಯೂ ಹಾಡುತ್ತಿರಲಿಲ್ಲ. ಯಾರೋ ಟೇಪ್ ರೆಕಾರ್ಡರ್ ತಂದು ಎದುರಿಗಿಟ್ಟರೆ ಎದ್ದು ಚಪ್ಪಲಿ ಮೆಟ್ಟಿಬಿಡುತ್ತಿದ್ದ. ಅವನ ಪಕ್ಕದಲ್ಲೇ ಕೂತು ಪೇಟಿ ಬಾರಿಸುವವನು ಪೇಟಿಯ ಹಿಂದೆ, ಟವೆಲ್ಲಿನ ಕೆಳಗೆ ಒಂದು ಟೇಪ್ ರೆಕಾರ್ಡರ್ ಇಟ್ಟುಕೊಂಡಿರುತ್ತಿದ್ದ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ಬಲಗಣ್ಣಿಗೆ ಚಹಾ ಕಂಡಿತು, ಇದು ಕಾಣಲಿಲ್ಲ.

ನಾನು ರಾಣೇಬೆನ್ನೂರಿಗೆ ಮದುವೆಯಾಗಿ ಹೋಗಿದ್ದೆ. ಅಲ್ಲಿ ನನ್ನ ಗಂಡನದು ಬೀಜದ ಅಂಗಡಿ. ಎಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ ಅಂಗಡಿಗೆ ಫೋನ್ ಬಂತು, ಅಪ್ಪ ಹೋದ ಎಂದು. ಗಂಡ ಧಾರವಾಡಕ್ಕೆ ಹೋಗಿದ್ದ. ಸಿಕ್ಕ ಬಸ್ಸು ಹತ್ತಿದೆ. ಅಂದು ಮೆಣಸಿನಕಾಯಿ ಪೇಟೆಯ ದಿನ. ಮೋಟೆಬೆನ್ನೂರಿನ ಕ್ರಾಸಿನಲ್ಲಿ ಚೀಲ ಹೇರಿದ ಲಾರಿಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿದ್ದವು. ಕಂಡಕ್ಟರ್ ಕೆಳಗಿಳಿದು ಬೀಡಿ ಹಚ್ಚಿದ. ನಾನೂ ಇಳಿದು ಬ್ಯಾಡಗಿಯ ದಾರಿ ಹಿಡಿದು ನಡೆದೆ, ನಡುನಡುವೆ ಓಡಿದೆ. ಗಾಳಿಯಲ್ಲೆಲ್ಲ ಘಾಟು. ಕೆಮ್ಮುತ್ತಾ, ಅಳುತ್ತಾ ಓಣಿಗೆ ಬಂದಾಗ ಮಣ್ಣಿಗೆ ಹೋದವರು ತಿರುಗಿ ಬರುತ್ತಿದ್ದರು.

ಅಪ್ಪನ ಮುಖ ನೋಡಲಿಲ್ಲ.

ಯಾಕೆ ತಡೆಯಲಿಲ್ಲ ಎಂದು ಬಾಗಿಲಲ್ಲಿ ಸಿಕ್ಕವರನ್ನು ಕೇಳಿದೆ. ಮಂಗಳ ಆಗಿಹೋಯಿತು, ಇನ್ನು ಹೇಗೆ ಇಡುವುದು ಎಂದರು. ಮಂಗಳ ಯಾರ ಕೈಯಲ್ಲಿ? ಕಾಕಾನ ಕೈಯಲ್ಲಿ. ಅವನು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ನಾನು ಕಂಡವರೆದುರು ಕೂಗಿದೆ: “ಊರ ಮಂದಿ ಹೆಣದ ಮುಂದ ಬೆಳತನಕ ಹಾಡತಿ. ನನ್ನ ಸಲುವಾಗಿ ಒಂದ ತಾಸು ಹಾಡಾಕ ಆಗಲಿಲ್ಲೇನ ನಿನಗ?”

ಅವನು ತಲೆ ಎತ್ತಲಿಲ್ಲ. ದನಿ ಪೂರಾ ಒಡೆದಿತ್ತು. “ಹೌದವಾ,” ಎಂದ, “ಹಾಡಬೇಕಿತ್ತು.” ಎದ್ದು ಹೋದ.

ಒಪ್ಪಿಕೊಂಡನಲ್ಲ, ಇನ್ನೇನು ಬೇಕು? ಅಂದಿನಿಂದ ಅವನು ನನ್ನ ಪಾಲಿಗೆ ಕಾಕಾನಲ್ಲ. ಆದರೂ ಒಮ್ಮೆ ಮಾನ ಬಿಟ್ಟು ಅವನ ಅಂಗಡಿಯ ಮೆಟ್ಟಿಲು ಹತ್ತಿದೆ. ಅಪ್ಪನ ಮೇಲೆ ಅಂದು ಕಟ್ಟಿದ ಪದ ಬಹಳ ಚೆನ್ನಾಗಿತ್ತು ಎಂದು ಓಣಿಯವರು ಹೇಳಿದ್ದರು. ಮುಖ ಅಂತೂ ಸಿಗಲಿಲ್ಲ, ಪದವನ್ನಾದರೂ ಕೇಳೋಣ ಎಂದು ಹೋದೆ. ಅವನು ಲಂಗದ ಬಟ್ಟೆ ಅಳೆಯುತ್ತಿದ್ದವನು ಗಜ ಕೆಳಗಿಡದೆಯೇ, “ಸತ್ತ ಮನಿ ಪದ ಆ ಮನ್ಯಾಗ ಮುಗೀಬೇಕು. ಅದು ನಿಮ್ಮಪ್ಪಗ ಹಾಡಿದ್ದವಾ, ನಿನಗಲ್ಲ” ಎಂದ.

ಎಷ್ಟು ಸೊಕ್ಕು. ತವರಿಗೆ ಬಂದಾಗ ಅವನ ಅಂಗಡಿಯ ಮುಂದೆ ಹೋಗಬೇಕಾಗುತ್ತದೆಂದು ಸುತ್ತು ಹಾಕಿ ರೈಲ್ವೆ ಸ್ಟೇಷನ್ ಕಡೆಯಿಂದ ಹೋಗುತ್ತಿದ್ದೆ. ಮದುವೆ ಮನೆಯಲ್ಲಿ ಅವನ ಪಂಕ್ತಿಯಲ್ಲಿ ಎಲೆ ಹಾಕಿದರೆ ಎದ್ದು ಮುಂದಿನ ಪಂಕ್ತಿಗೆ ಕಾಯುತ್ತಿದ್ದೆ. ಅವನಾದರೂ ಮುಖ ತಿರುಗಿಸಿದನೇ? ಇಲ್ಲ. ದೂರದಿಂದಲೇ ಕೈ ಎತ್ತಿ, ಅರಾಮ ಇದ್ದೀಯಾ ಎಂದು ಕೇಳುತ್ತಿದ್ದ. ಅದೂ ನನಗೆ ನಾಟಕವೆಂದೇ ತೋರುತ್ತಿತ್ತು.

ತೊಂಬತ್ತರ ದಶಕ ಅರ್ಧ ಆಗುವುದರೊಳಗೆ ಗಂಟಲಿನ ಬೇನೆಯಿಂದ ಸತ್ತ. ಬ್ಯಾಡಗಿಯ ಪೇಟೆ ಬಂದ್ ಆಯಿತಂತೆ. ಅವನ ಮೇಲೆ ಪದ ಕಟ್ಟುವವರು ಯಾರೂ ಇರಲಿಲ್ಲವಂತೆ. ಗಂಡ ಹೋಗಿಬಂದು ಹೇಳಿದ. ನಾನು ಹೋಗಲಿಲ್ಲ.

ವರ್ಷ ತಿರುಗುವುದರೊಳಗೆ ಕ್ಯಾಸೆಟ್ಟು ಬಂತು. ಪೇಟಿಯವನು ಅಷ್ಟರಲ್ಲಿ ರಾಣೇಬೆನ್ನೂರಿನಲ್ಲಿ ಕ್ಯಾಸೆಟ್ ಅಂಗಡಿ ತೆರೆದಿದ್ದ. ಕದ್ದು ತುಂಬಿಟ್ಟುಕೊಂಡ ಪದಗಳಲ್ಲಿ ಆರಿಸಿ ಕ್ಯಾಸೆಟ್ ಮಾಡಿದ್ದ. ಮೇಲೆ ಕಾಕಾನ ಫೋಟೋ, ಫೋಟೋದ ತಲೆಯ ಹಿಂದೆ ಒಂದು ಹಳದಿ ಚಕ್ರ. ಬದುಕಿರುವ ತನಕ ಟೇಪಿಗೆ ಬೆನ್ನು ತಿರುಗಿಸಿದ ಮನುಷ್ಯ ಸತ್ತ ಮೇಲೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ, ಲಾರಿಗಳಲ್ಲಿ, ಮಿರ್ಚಿ ಕರಿಯುವ ಹೋಟೆಲುಗಳಲ್ಲಿ ದಿನವಿಡೀ ಹಾಡತೊಡಗಿದ. ಯಾರದೋ ಮನೆಯ ಸಾವು, ಇನ್ಯಾರದೋ ಬಾಯಲ್ಲಿ ಮಿರ್ಚಿ. ಪೇಟಿಯವನಿಗೆ ಸಾವಿರ ಬೈದೆ. ಜೊತೆಗೆ ಕಾಕಾನಿಗೂ ಒಂದಿಷ್ಟು ಬೈದೆ, ರೂಢಿ ತಪ್ಪಬಾರದಲ್ಲ.

ಗಂಡ ಒಂದು ಕ್ಯಾಸೆಟ್ ತಂದೇ ಬಿಟ್ಟ. ಅವ್ವ ಆಗ ನಮ್ಮಲ್ಲಿಗೆ ಬಂದಿದ್ದಳು. ಊಟವಾದ ಮೇಲೆ ಹಚ್ಚೋಣ ಎಂದಳು. ಅವಳ ಮಾತು ತೆಗೆದುಹಾಕಲಾರದೆ, ಶೇಂಗಾ ಸುಲಿಯುವ ನೆಪ ಮಾಡಿ ನಾನೂ ಕೂತೆ. ಮೊದಲ ಸೈಡಿನಲ್ಲಿ ಪೇಟಿಯವನು ಕೀಬೋರ್ಡು ಸೇರಿಸಿದ್ದ, ಹಕ್ಕಿ ಕೂಗಿಸಿದ್ದ, ಗುಡಿಯ ಗಂಟೆ ಬಾರಿಸಿದ್ದ. ಎರಡನೆಯ ಸೈಡಿಗೆ ಬರುವಷ್ಟರಲ್ಲಿ ಹುರುಪು ಇಳಿದಿರಬೇಕು. ಟೇಪು ಹೇಗಿತ್ತೋ ಹಾಗೆ ತುಂಬಿಸಿದ್ದ. ಕೊನೆಯ ಹಾಡು ಶುರುವಾಯಿತು.

ಬೀಗ ಹಾಕಿ ಮೂರ ಸಲ ಜಗ್ಗಿ ನೋಡಾಂವ
ಇಂದ ಬಾಗಿಲ ತಗದಿಟ್ಟ ಎಲ್ಲಿಗಿ ಹೊಂಟ್ಯೋ

ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಿದ್ದವನು ನನ್ನ ಅಪ್ಪ. ಹಾಡಿನ ಹಿಂದೆ ಒಬ್ಬ ಹೆಂಗಸು ಅಳುತ್ತಿದ್ದಳು. ಅದು ಅವ್ವ. ನನ್ನ ಪಕ್ಕದಲ್ಲಿ ಕೂತ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಟೇಪು ಬಂದ್ ಮಾಡಲು ಗಂಡ ಎದ್ದ, ಬೇಡವೆಂದು ಕೈ ಮಾಡಿದಳು.

ಬೀಗದ ಪದ ಮುಗಿಯಿತು. ನಿಜ, ಚೆನ್ನಾಗಿತ್ತು. ನಮ್ಮ ದೊಡ್ಡಪ್ಪನ ದನಿ ಕೇಳಿತು, ಮಂಗಳಾ ಹಾಡ್ರಿ, ಹೊತ್ತು ಇಳಿಯಾಕತ್ತೈತಿ. ಕಾಕಾ ಮಂಗಳ ಎತ್ತಲಿಲ್ಲ. ಇನ್ನೊಂದು ನುಡಿ ಎತ್ತಿದ, ಅಪ್ಪನ ಕೊಡೆಯ ಮೇಲೆ. ಆಮೇಲೆ ಕನ್ನಡಕದ ಮೇಲೆ. ದೊಡ್ಡಪ್ಪ ಮತ್ತೆ ಅವಸರ ಮಾಡಿದ. ಕಾಕಾ ಸೈಕಲ್ಲಿನ ಮೇಲೆ ಶುರುಮಾಡಿದ. ಅವನು ಇಷ್ಟು ಕೆಟ್ಟ ಪದವನ್ನು ಎಂದೂ ಕಟ್ಟಿರಲಿಲ್ಲ. ಪ್ರಾಸವಿಲ್ಲ, ತಾಳಕ್ಕೆ ಮಾತು ಕೂಡುತ್ತಿಲ್ಲ, ಸೈಕಲ್ಲಿನ ಗಂಟೆ ಕೆಟ್ಟದ್ದನ್ನೇ ಎರಡು ಸಲ ಹಾಡಿದ. ಘಾಟಿಗೆ ಕೆಮ್ಮು ಹತ್ತಿತು. ಕೆಮ್ಮಿ ಮುಗಿಸಿ ಮತ್ತೆ ಹಿಡಿದ. ಯಾರೋ ನಕ್ಕರು. ಯಾರೋ, ಇವಗ ಇವತ್ತ ಏನಾಗೈತಿ ಎಂದರು. ಒಡೆದ ದನಿಯಲ್ಲಿ ಅವನು ಹಾಡಿದ:

ರಾಣೇಬೆನ್ನೂರ ಬಸ್ಸ ಹಾದ್ಯಾಗೈತೋ ಗೆಳೆಯಾ
ಪ್ಯಾಟಿ ದಿನ ಲಾರಿ ಅಡ್ಡ ನಿಂತಾವೋ
ತಡಿಯೋ ಗೆಳೆಯಾ, ಇನ್ನಾ ಬಿಸಲ ಐತೋ

ನನ್ನ ಕೈಯಲ್ಲಿದ್ದ ಶೇಂಗಾ ಮಡಿಲಿಗೆ ಬಿತ್ತು. ಬಿಸಿಲು ಐತೋ, ಬಿಸಿಲು ಐತೋ ಎಂದು ಅದೊಂದೇ ಸಾಲನ್ನು ಎಷ್ಟು ಹೊತ್ತು ಹಾಡಿದನೋ. ದನಿ ಹೋಗಿ ಬರೀ ಉಸಿರು ಉಳಿದಿತ್ತು. ಸಾಕು ಮಾಡೋ ಮಾರಾಯ, ಹೆಣ ಎಷ್ಟೊತ್ತು ಇಡೂದು ಎಂದು ದೊಡ್ಡಪ್ಪ ಗದರಿದ. ಕೂತವರು ತಾವಾಗಿಯೇ ಮಂಗಳ ಎತ್ತಿದರು. ನಾನು ಕಿವಿಗೊಟ್ಟೆ. ಪೇಟಿ ಕೇಳುತ್ತಿತ್ತು, ತಾಳ ಕೇಳುತ್ತಿತ್ತು, ದೊಡ್ಡಪ್ಪನ ಗೊಗ್ಗರು ದನಿಯೂ ಕೇಳುತ್ತಿತ್ತು. ಕಾಕಾನ ದನಿ ಮಂಗಳದಲ್ಲಿ ಇರಲಿಲ್ಲ.

ಟೇಪು ಟಕ್ಕೆಂದು ನಿಂತಿತು. ಯಾಕೆ ನನಗೆ ಹೇಳಲಿಲ್ಲ ಎಂದು ಅವ್ವನ ಮೇಲೆ ಹರಿಹಾಯ್ದೆ.

“ಅವನ ಹೆಸರ ತಗದ್ರ ತಾಟ ಬಿಟ್ಟ ಏಳತಿದ್ದಿ. ಯಾವಾಗ ಹೇಳಲಿ?” ಎಂದಳು ಅವ್ವ. “ಅವನೂ ಬ್ಯಾಡ ಅಂದ. ತಡಿಯೂದು ಆಗಲಿಲ್ಲ, ಇನ್ನ ಹಾಡಿದ್ದು ಹೇಳಿ ಏನ ಮಾಡೂದೈತಿ ಅಂದ.”

ಮಂಗಳ ಹಾಡುವಾಗ ಅವನು ಎಲ್ಲಿದ್ದ ಎಂದು ಕೇಳಿದೆ.

“ಎದ್ದು ಹೊರಗ ಹೋದ. ಬಾಗಲದಾಗಿಂದ ಕಾಣ್ತಿದ್ದ. ಮೋಟೆಬೆನ್ನೂರ ಹಾದ್ಯಾಗ ಹೋಗಿ ನಿಂತಿದ್ದ, ನೀ ಬರತಿ ಏನೋ ಅಂತ.”

ಆ ಹೊತ್ತಿಗೆ ನಾನೂ ಅದೇ ರಸ್ತೆಯಲ್ಲಿ ಕೆಮ್ಮುತ್ತಾ ಓಡುತ್ತಿದ್ದೆ. ಕಾಕಾನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಇಲ್ಲ. ನಾನು ಅಷ್ಟು ವರ್ಷ ಬೈಯುತ್ತಿದ್ದಾಗ ಒಂದು ಸಲ, ಒಂದೇ ಒಂದು ಸಲ, ಆ ಮನುಷ್ಯ ಬಾಯಿ ಬಿಟ್ಟು ಹೇಳಬಹುದಿತ್ತು.