ರಾಣಿಗೆ ಹುಳದ ಔಷಧಿ

ಇವತ್ತು ಮಗಳು ಶಾಲೆಯಿಂದ ಬಂದವಳೇ ನಾಲಿಗೆ ಚಾಚಿ ತೋರಿಸಿದಳು. ಎಲ್ಲರಿಗೂ ಜಂತುಹುಳದ ಮಾತ್ರೆ ಜಗಿಯಲು ಕೊಟ್ಟಿದ್ದರಂತೆ. ಸಿಹಿಯೂ ಅಲ್ಲದ, ಕಹಿಯೂ ಅಲ್ಲದ ಅದರ ವಾಸನೆ ಮೂಗಿಗೆ ಬಡಿದದ್ದೇ ನನಗೆ ನೆನಪಾದದ್ದು ಒಂದು ಹಂದಿ. ಮಗಳ ಬಾಯಿ ಮೂಸಿ ಹಂದಿಯನ್ನು ನೆನೆಯುವ ತಾಯಿ ಇನ್ನೊಬ್ಬಳು ಇರಲಿಕ್ಕಿಲ್ಲ. ನೀವು ನಕ್ಕರೆ ಅಡ್ಡಿಯಿಲ್ಲ.

ಹಂದಿಯ ಹೆಸರು ರಾಣಿ. ಹೊನ್ನಾವರದ ನನ್ನ ತವರಿನ ಬೇಲಿಯಾಚೆ ಒಬ್ಬರೇ ಇದ್ದ ಕಾತ್ರಿನ್‌ಬಾಯಿ, ಕೇರಿಗೆಲ್ಲ ಬರೀ 'ಬಾಯಿ', ಅದನ್ನು ಸಾಕಿದ್ದರು. ನಮ್ಮಲ್ಲಿ ಹಂದಿ ತಿನ್ನುವವರಿಲ್ಲ, ಆದರೆ ಸಾಕುವುದರಲ್ಲಿ ಇಡೀ ಕೇರಿಗೆ ಪಾಲಿತ್ತು. ಅಕ್ಕಿ ತೊಳೆದ ನೀರು, ಮಿಕ್ಕ ಗಂಜಿ, ಹಲಸಿನ ಸಿಪ್ಪೆ ಎಲ್ಲವೂ ಅವರ ಬಕೆಟ್ಟಿಗೆ. ನನ್ನ ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಗಂಜಿಯನ್ನು ಬೇಲಿ ದಾಟಿಸುತ್ತಿದ್ದಳು. ಹಂದಿಯೆಂದರೆ ಅವಳಿಗೆ ಆಗದು ಎಂದೇ ನಾನು ನಂಬಿದ್ದೆ.

ಒಂದು ಮಳೆಗಾಲ ರಾಣಿ ಎಷ್ಟು ತಿಂದರೂ ಸೊರಗತೊಡಗಿತು. ಹೊಟ್ಟೆ ಉಬ್ಬಿತು, ಬೆನ್ನುಮೂಳೆ ಎದ್ದು ಕಂಡಿತು, ಕೆಮ್ಮು ಬೇರೆ. ಲದ್ದಿಯಲ್ಲಿ ದಪ್ಪ ಶಾವಿಗೆಯಂಥ ಬಿಳಿ ಹುಳಗಳು. ಆ ವರ್ಷ ನಾನು ಶಾವಿಗೆ ಪಾಯಸ ಮುಟ್ಟಲಿಲ್ಲ.

ದನದ ಡಾಕ್ಟರು ಬಂದು ಔಷಧಿ ಕೊಟ್ಟರು, ಬೈದರು ಕೂಡ. "ಔಷಧಿ ಒಳಗಿನ ಹುಳ ಕೊಲ್ತದೆ ಬಾಯಿ, ಮಣ್ಣಲ್ಲಿದ್ದ ಮೊಟ್ಟೆ ಎಂತ ಮಾಡ್ತೀರಿ? ಕೆಸರಿಗೆ ಬಿಡಬೇಡಿ. ಲದ್ದಿ ದಿನಾ ತೆಗೀರಿ, ಗೂಡು ಒಣಗಿರ್ಲಿ." ಹೊರಟವರು ಮತ್ತೆ ತಿರುಗಿ ನಿಂತರು. "ಔಷಧಿ ಕೊಟ್ಟ ಮೇಲೆ ನಾ ಹೇಳೂ ತನಕ ಕಡೀಬೇಡಿ. ಮಾಂಸದಲ್ಲಿ ಉಳೀತದೆ."

ಬಾಯಿ ಗೂಡಿಗೆ ಕೆಂಪುಕಲ್ಲು ಹಾಸಿಸಿದರು. ದಿನವೂ ನೀರು ಹೊಯ್ದು ತಾವೇ ತಿಕ್ಕುತ್ತಿದ್ದರು. ನಮ್ಮ ಅಂಗಳಕ್ಕಿಂತ ಅದೇ ಚೊಕ್ಕವಾಗಿತ್ತು ಎನ್ನಲು ನನಗೇನೂ ನಾಚಿಕೆಯಿಲ್ಲ. ರಾಣಿ ಕಹಿ ಮುಟ್ಟುತ್ತಿರಲಿಲ್ಲವಾದ್ದರಿಂದ ಔಷಧಿಯನ್ನು ಬೆಲ್ಲ, ತೌಡು ಸೇರಿಸಿ ಉಂಡೆ ಕಟ್ಟಿ ಕೊಡಬೇಕಿತ್ತು. ಬೆಲ್ಲ ನಮ್ಮ ಮನೆಯದು.

ರಾಣಿ ಚೇತರಿಸಿಕೊಂಡು ಮೈ ತುಂಬಿಕೊಂಡಿತು. ತೊಂದರೆ ಶುರುವಾದದ್ದೇ ಆಗ. ಕುಮಟೆಯಲ್ಲಿದ್ದ ಬಾಯಿಯ ತಮ್ಮ ಪೆದ್ರು ತನ್ನ ಮಗಳ ಮದುವೆಯ ಊಟಕ್ಕೆ ರಾಣಿಯನ್ನು ಗೊತ್ತು ಮಾಡಿ ಹೋದ. ಹಂದಿ ಸಾಕುವುದೇ ಅದಕ್ಕೆ, ಬೇಡ ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಬಾಯಿ ದಿನಾ ನಮ್ಮ ಜಗಲಿಗೆ ಬಂದು ಆಯಿಯ ಹತ್ತಿರ ಕೂತು ಹೋಗುತ್ತಿದ್ದರು.

ಪೆದ್ರು ಟೆಂಪೊ ತಂದ ದಿನ ಬಾಯಿ ಕೊಂಕಣಿಯಲ್ಲಿ ದೊಡ್ಡದಾಗಿ ಗೋಳಾಡಿದರು. ರಾಣಿಗೆ ಮತ್ತೆ ಹುಳ ಆದಂತೆ ಕಂಡಿತಂತೆ, ನಿನ್ನೆಯೇ ಔಷಧಿ ಹಾಕಿಬಿಟ್ಟರಂತೆ, ಈಗ ಕಡಿಯುವಂತಿಲ್ಲವಂತೆ. ಪೆದ್ರು ನಂಬದೆ ಬೇಲಿಯ ಬಳಿ ನಿಂತಿದ್ದ ಆಯಿಯನ್ನು ಕೇಳಿದ, "ಹೌದಾ ಅಕ್ಕಾ?"

ಆಯಿ ಮೂಗು ಮುಚ್ಚಿದ ಸೆರಗು ತೆಗೆಯದೆ, "ಹೌದಪ್ಪಾ, ಬೆಲ್ಲ ನಾನೇ ಕೊಟ್ಟಿದ್ದೆ" ಎಂದಳು.

ಮದುವೆ ಕೋಳಿಯಲ್ಲಿ ಮುಗಿಯಿತು. ಮುಂದೆ ಹಬ್ಬ ಹತ್ತಿರ ಬಂದಾಗಲೆಲ್ಲ ರಾಣಿಗೆ ಹುಳ. ಕ್ರಿಸ್‌ಮಸ್ಸಿಗೆ ಹುಳ, ಇಗರ್ಜಿಯ ಹಬ್ಬಕ್ಕೆ ಹುಳ. ಇಡೀ ಕರಾವಳಿಯಲ್ಲಿ ಅಷ್ಟು ಔಷಧಿ ತಿಂದ ಹಂದಿ ಇಲ್ಲವೆಂದು ಕೇರಿ ನಗುತ್ತಿತ್ತು, ನಾನೂ ನಗುತ್ತಿದ್ದೆ. ಕೊನೆಗೆ ರಾಣಿ ಮುದಿಯಾಗಿ ತನ್ನ ಕೆಂಪುಕಲ್ಲಿನ ಮೇಲೆಯೇ ಕಣ್ಣು ಮುಚ್ಚಿತು. ಬಾಯಿಯೂ ಹೋಗಿ ವರ್ಷಗಳಾದವು.

ಆಯಿ ಈಗ ನಮ್ಮ ಜೊತೆಗೇ ಇದ್ದಾಳೆ. "ಪಾಪ, ಅಷ್ಟು ಔಷಧಿ ರಾಣಿ ಹೇಗೆ ತಡ್ಕೊಂಡಿತೋ" ಎಂದೆ.

"ಔಷಧಿ ಎಲ್ಲಿತ್ತೆ ಮಾರಾಯ್ತಿ? ಡಾಕ್ಟ್ರು ಹೇಳಿದಾಗ ಮಾತ್ರ ಔಷಧಿ. ಹಬ್ಬಕ್ಕೆಲ್ಲ ಬರೀ ಬೆಲ್ಲ."

"ನಿಂಗೆ ಗೊತ್ತಿತ್ತಾ?"

"ಎಂತ ಗೊತ್ತಿತ್ತಾ? ಉಂಡೆ ಕಟ್ಟಿದ್ದೇ ನಾನು. ನಮ್ಮನೆ ಗಂಜಿ ಕುಡಿದು ಬೆಳೆದದ್ದನ್ನ ಕೊಡೂಕಾಗ್ತಿತ್ತಾ?"

ಆ ಸೆರಗಿನ ಹಿಂದೆ ಅವಳು ಮುಚ್ಚಿಕೊಳ್ಳುತ್ತಿದ್ದದ್ದು ನಗುವನ್ನು ಎಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಮಗಳು ಇನ್ನೂ ಮುಖ ಸಿಂಡರಿಸಿಕೊಂಡು ನಿಂತಿದ್ದಳು. ಆಯಿ ಡಬ್ಬಿಯಿಂದ ಬೆಲ್ಲದ ಚೂರು ಮುರಿದು ಅವಳ ಬಾಯಿಗೆ ಹಾಕಿದಳು. ನಾನೂ ಪಕ್ಕದಲ್ಲಿ ಕೂತು ಬಾಯಿ ತೆರೆದೆ.