ಅಕ್ಕ ಅತ್ತೆಯಾಗಿ ಬಂದಾಗ

ನನ್ನ ಹೆಂಡತಿಯ ತಾಯಿ ನನ್ನ ಸ್ವಂತ ಅಕ್ಕ. ನಮ್ಮ ವಿಜಾಪುರದ ಕಡೆ ಇದೊಂದು ದೊಡ್ಡ ಮಾತೇ ಅಲ್ಲ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ರೂಢಿ. ಆದರೆ ಮುಂಬೈ ಕಡೆಯ ಅಂಬರನಾಥದ ಕಾರ್ಖಾನೆಯಲ್ಲಿ ನನ್ನ ಪಕ್ಕದ ಲೇಥ್ ನಡೆಸುತ್ತಿದ್ದ ಮರಾಠಿ ಗೆಳೆಯನಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಅವನ ಚಹಾ ತಣ್ಣಗಾಯಿತು. ಕೊನೆಗೆ ಅವನು ನನ್ನನ್ನು ಒಂದು ಥರ ನೋಡಿ, ಲೋಟ ಕೆಳಗಿಟ್ಟು ಎದ್ದುಹೋದ.

ಅವ್ವ ನನ್ನನ್ನು ಹೆತ್ತ ದಿನವೇ ತೀರಿಕೊಂಡಳು. ಆಗ ಅಕ್ಕನಿಗೆ ಹನ್ನೆರಡು ವರ್ಷ. ನನಗೆ ಹಾಲು ಕುಡಿಸಿದ್ದು, ಎರೆದದ್ದು, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ತಿರುಗಿದ್ದು ಎಲ್ಲ ಅವಳೇ. ಮದುವೆಯಾಗಿ ಪಕ್ಕದ ಊರಿಗೆ ಹೋದ ಮೇಲೂ ಸಂತೆಯ ದಿನ ನಮ್ಮ ಮನೆ ಹೊಕ್ಕು, ನನ್ನ ತಲೆ ತೊಳೆದು, ಉಗುರು ಕತ್ತರಿಸಿ, ಜೊತೆಗೆ ಕೂತು ಉಂಡೇ ಹೋಗುತ್ತಿದ್ದಳು. ನಾನು ಅವ್ವ ಎಂದು ಯಾರನ್ನಾದರೂ ಅಂದುಕೊಂಡಿದ್ದರೆ ಅದು ಅವಳನ್ನೇ.

ಅವಳ ಮಗಳು ಬಿ.ಎ. ಮುಗಿಸಿದ ಮೇಲೆ ನಮ್ಮ ಮದುವೆಯಾಯಿತು. ನನ್ನ ಮೈ ತೊಳೆದು ಬೆಳೆಸಿದವಳು ಹಂದರದಲ್ಲಿ ಗಂಡನ ಪಕ್ಕ ಕೂತು ನನ್ನ ಕಾಲು ತೊಳೆದಳು. ನಾನು ಸಂಕೋಚದಿಂದ ಕಾಲು ಹಿಂದಕ್ಕೆಳೆದುಕೊಂಡೆ. ಆಗ ಅವಳ ಅತ್ತೆ, ಅಂದರೆ ಭಾವನ ತಾಯಿ, ಅಕ್ಕನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಇವತ್ತಿಂದ ಅವ ನಿನ್ನ ತಮ್ಮ ಅಲ್ಲ, ಈ ಮನಿ ಅಳಿಯ. ನೆನಪಿಟ್ಕೊ."

ಅಕ್ಕ ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಅಂದಿನಿಂದ ನನ್ನನ್ನು ಕಂಡರೆ ತಲೆಯ ಮೇಲೆ ಸೆರಗು. ನನ್ನೆದುರು ಕೂರುವುದಿಲ್ಲ, ನಾನು ಉಣ್ಣದೆ ಉಣ್ಣುವುದಿಲ್ಲ, ನೇರವಾಗಿ ಮಾತಿಲ್ಲ. ನಾನು ಅಕ್ಕಾ ಎಂದು ಕೂಗಿದರೂ ಉತ್ತರ ಬರುವುದು ಮಗಳ ಮೂಲಕ. ಆ ಮನೆಯ ಸಂಪ್ರದಾಯ ಅಷ್ಟು ಬಿಗಿ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತಿದ್ದ ನನಗೆ ಹಳ್ಳಿಯ ಆ ದೊಡ್ಡ ಮನೆಯಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೆ ಸಂಕಟವಾಗುತ್ತಿತ್ತು. ಹೆಂಡತಿಯನ್ನು ಪಡೆದು ಅಕ್ಕನನ್ನು ಕಳೆದುಕೊಂಡೆನಲ್ಲ ಎನಿಸುತ್ತಿತ್ತು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗಬೇಕು. ಆದರೆ ಏಳನೆಯ ತಿಂಗಳಲ್ಲಿ ಡಾಕ್ಟರು ಪ್ರಯಾಣ ಬೇಡವೆಂದರು. ಹಾಗಾಗಿ ಎಂಟು ತುಂಬುವ ಹೊತ್ತಿಗೆ ಅಕ್ಕನೇ ಜೋಳದ ಹಿಟ್ಟಿನ ಚೀಲ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಕಲ್ಲಿನ ಒರಳು ಸಮೇತ ದಿವಾದ ನಮ್ಮ ಮನೆಗೆ ಬಂದಿಳಿದಳು. ನಮ್ಮದು ನಾಲ್ಕನೆಯ ಮಾಳಿಗೆ, ಲಿಫ್ಟ್ ಇಲ್ಲ. ಮನೆಯೆಂದರೆ ಒಂದು ರೂಮು, ಒಂದು ಕಿಚನ್ನು, ನಡುವೆ ಒಂದು ಹೂವಿನ ಪರದೆ. ಈ ಅಳತೆಯ ಮನೆಯಲ್ಲಿ ಅಳಿಯನ ಕಣ್ಣಿಗೆ ಬೀಳದಂತೆ ಬದುಕುವುದು ಹೇಗೆಂದು ಸಂಪ್ರದಾಯ ಮಾಡಿದವರು ಯೋಚಿಸಿರಲಿಲ್ಲ.

ಎರಡೇ ದಿನದಲ್ಲಿ ನನ್ನ ತಾಳ್ಮೆ ಪರೀಕ್ಷೆಗೆ ಬಿತ್ತು. ಬೆಳಿಗ್ಗೆ ಐದಕ್ಕೆ ಒರಳಿನಲ್ಲಿ ಕುಟ್ಟುವ ಸದ್ದಿಗೆ ಕೆಳಗಿನ ಮನೆಯ ಮಾಲ್ವಣಿ ಆಂಟಿ ಮೇಲೆ ಬಂದು, ಏನು ಗೋಡೆ ಒಡೆಯುತ್ತಿದ್ದೀರಾ ಎಂದು ಕೇಳಿದರು. ನನ್ನ ಕಾರ್ಖಾನೆಯ ಅಂಗಿಗಳನ್ನು ಅಕ್ಕ ಬಚ್ಚಲ ಮೋರಿಯಲ್ಲಿ ಬಡಿದು ಬಡಿದು ಒಗೆದಳು. ಅಂಗಿ ಬೆಳ್ಳಗಾದವು, ಗುಂಡಿ ಒಂದೂ ಉಳಿಯಲಿಲ್ಲ. ನೀರು ಬರುವ ಹೊತ್ತಿನಲ್ಲಿ ಡ್ರಮ್ಮು, ಕೊಡ, ಕುಕ್ಕರು, ಕೊನೆಗೆ ನನ್ನ ಟಿಫಿನ್ ಡಬ್ಬಿಯಲ್ಲೂ ನೀರು ತುಂಬಿಟ್ಟಳು. ಅಡುಗೆಮನೆಗೆ ಅಂಟಿಕೊಂಡಿರುವ ಸಂಡಾಸು ಅವಳಿಗೆ ಹೇಸಿಕೆ. ದಿನಕ್ಕೆ ಮೂರು ಸಲ ಫಿನಾಯಿಲ್. ಮನೆಯೆಲ್ಲ ಆಸ್ಪತ್ರೆಯ ವಾಸನೆ ಹೊಡೆಯತೊಡಗಿತು.

ಇದೆಲ್ಲ ಬಿಡಿ, ಸಹಿಸಬಹುದು. ಸಹಿಸಲಾಗದ್ದು ಉಪಚಾರ. ನಾನು ಡ್ಯೂಟಿಯಿಂದ ಬಂದರೆ ಕೂರುವ ಚೌರಂಗದ ಮಣೆಯ ಮೇಲೆ ಮಡಿಸಿದ ಕಂಬಳಿ, ಎದುರಿಗೆ ತಾಟು, ತಾಟಿನಲ್ಲಿ ತುಪ್ಪ ಸುರಿದ ಸಜ್ಜಕ. ದಿನಾ ಹಬ್ಬ. ನಾನು ಉಣ್ಣುವಾಗ ಪರದೆಯ ಆಚೆ ಅಕ್ಕ ನಿಂತೇ ಇರುತ್ತಿದ್ದಳು. ನಾಲ್ಕು ಅಡಿ ದೂರದಿಂದ ಮಗಳಿಗೆ ಹೇಳುತ್ತಿದ್ದಳು: "ಅವ್ರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳವ್ವಾ." ಹೆಂಡತಿ ಹೊಟ್ಟೆ ಹಿಡಿದು ನಗುತ್ತ ನನಗೆ ಕೇಳುತ್ತಿದ್ದಳು. ಬೇಡ ಎಂದು ನಾನು ಅವಳಿಗೆ ಹೇಳುತ್ತಿದ್ದೆ. ಬೇಡ ಅಂತ ಎಂದು ಅವಳು ತಾಯಿಗೆ ಹೇಳುತ್ತಿದ್ದಳು. ಅಷ್ಟಾದರೂ ರೊಟ್ಟಿ ಬಂದು ತಾಟಿಗೆ ಬೀಳುತ್ತಿತ್ತು.

ಒಂದು ಸಂಜೆ ಪರದೆಯ ಕೆಳಗೆ ಅಕ್ಕನ ಪಾದಗಳು ಕಂಡವು. ಬಾತುಕೊಂಡಿದ್ದವು. ಕಾಲುಂಗುರ ಬೆರಳಲ್ಲಿ ಹೂತು ಹೋಗಿತ್ತು. ನಾನು ಮನೆಯಲ್ಲಿರುವಷ್ಟು ಹೊತ್ತು ಅವಳು ಕೂರುತ್ತಿರಲಿಲ್ಲ. ರಜೆಯ ದಿನ ಬೆಳಗಿನಿಂದ ಸಂಜೆಯ ತನಕ ನಿಂತೇ ಇರುತ್ತಿದ್ದಳು. ಅಕ್ಕಾ, ಕೂತ್ಕೊ ಎಂದೆ. ಬಳೆಯ ಸದ್ದಾಯಿತು, ಪಾದಗಳು ಇನ್ನೊಂದು ಹೆಜ್ಜೆ ಹಿಂದೆ ಸರಿದವು. ಅಂದು ನನಗೆ ಬಂದ ಸಿಟ್ಟಿಗೆ ಯಾರನ್ನು ಗುರಿ ಮಾಡಬೇಕೋ ತಿಳಿಯಲಿಲ್ಲ.

ನನ್ನ ತಲೆಗೆ ಹೊಳೆದ ಉಪಾಯ ಒಂದೇ. ನಾನು ಮನೆಯಲ್ಲಿದ್ದರೆ ತಾನೇ ಅವಳು ನಿಲ್ಲುವುದು? ಮರುದಿನದಿಂದ ಓವರ್‌ಟೈಮ್ ಇದೆ ಎಂದು ಸುಳ್ಳು ಹೇಳಿದೆ. ಸಂಜೆ ದಿವಾದಲ್ಲಿ ಇಳಿದು ಸ್ಟೇಷನ್ನಿನ ಪುಲ್ ಮೇಲೆ, ಹಳಿ ದಾಟುವ ಸೇತುವೆಯ ಮೇಲೆ, ಎರಡು ಗಂಟೆ ನಿಲ್ಲುತ್ತಿದ್ದೆ. ಬರುವ ಲೋಕಲ್ಲು, ಹೋಗುವ ಲೋಕಲ್ಲು, ಬಾಗಿಲಲ್ಲಿ ನೇತಾಡುವ ಜನ. ಈಗ ಕೂತಿರುತ್ತಾಳೆ, ಈಗ ಉಂಡಿರುತ್ತಾಳೆ ಎಂದು ಲೆಕ್ಕ ಹಾಕುತ್ತ ವಡಾಪಾವ್ ತಿನ್ನುತ್ತಿದ್ದೆ. ಭಾನುವಾರವೂ ಏನಾದರೊಂದು ನೆಪ ಹುಡುಕಿ ಹೊರಬೀಳುತ್ತಿದ್ದೆ. ಹೆಂಡತಿಗೂ ನಿಜ ಹೇಳಲಿಲ್ಲ. ಹೇಳಿದರೆ ಅವಳು ತಾಯಿಗೆ ಹೇಳುತ್ತಾಳೆ, ಅಕ್ಕ ಮತ್ತಷ್ಟು ನಾಚಿಕೊಳ್ಳುತ್ತಾಳೆ. ದೊಡ್ಡ ಬುದ್ಧಿವಂತ ನಾನು.

ಮೂರು ವಾರವಾಗಿರಬೇಕು. ಒಂದು ಸಂಜೆ ಬಂದಾಗ ಬಾಗಿಲ ಪಕ್ಕ ಅಕ್ಕನ ಚೀಲ ಕಟ್ಟಿಟ್ಟಿತ್ತು. ಹೆಂಡತಿ ನನ್ನನ್ನು ರಸ್ತೆಯ ಕಡೆಯ ಗ್ಯಾಲರಿಗೆ ಕರೆದಳು. ಅವಳು ಚಿಕ್ಕಂದಿನಿಂದ ನನ್ನನ್ನು ಮಾಮಾ ಎಂದೇ ಕರೆಯುತ್ತಿದ್ದಳು, ಮದುವೆಯಾದ ಮೇಲೂ ಅದು ಬದಲಾಗಿರಲಿಲ್ಲ.

"ಮಾಮಾ, ಅವ್ವ ಅಪ್ಪಗ ಫೋನ್ ಮಾಡ್ಯಾಳ, ಬಂದು ಕರ್ಕೊಂಡು ಹೋಗು ಅಂತ. ನೀ ಅಕಿ ಮಾರಿ ನೋಡಾಕ ಬ್ಯಾಸರ ಆಗಿ ಹೊರಗ ತಿರಗಾಕತ್ತಿ ಅಂತ ತಿಳ್ಕೊಂಡಾಳ. ತಮ್ಮನ ಮನ್ಯಾಗ ನಾ ಭಾರ ಆದ್ನಿ ಅಂತ ಅಳ್ತಾಳ."

ನನ್ನ ಮುಂದೆ ಅಳಿಯ, ಮಗಳ ಮುಂದೆ ತಮ್ಮ. ಹೆರಿಗೆಗೆ ಇನ್ನು ಹತ್ತು ಹದಿನೈದು ದಿನ. ಅಕ್ಕ ಹೋದರೆ ಹೆಂಡತಿಗೆ ಯಾರು? ಅದಕ್ಕಿಂತ ಹೆಚ್ಚಾಗಿ, ಈ ಮನಸ್ತಾಪ ಹೊತ್ತು ಹೋದರೆ ಅವಳು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಪುಲ್ ಮೇಲೆ ನಿಂತದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು, ಒಳಗೆ ಹೋಗಿ ತಾಯಿಗೆ ಹೇಳಿದಳು. ಆಮೇಲೆ ಚೀಲ ಬಿಚ್ಚುವ ಸದ್ದು ಕೇಳಿಸಿತು.

ಅಕ್ಕ ಉಳಿದಳು, ಆದರೆ ಸೆರಗೂ ಉಳಿಯಿತು. ಅಷ್ಟು ವರ್ಷ ಪಾಲಿಸಿದ್ದು ಒಂದು ಮಾತಿಗೆ ಬಿಟ್ಟುಹೋಗುವುದಿಲ್ಲ. ನಾನು ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದೆ, ಬೇಗ ಬೇಗ ಉಂಡು ಗ್ಯಾಲರಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಒಳಗೆ ಅವಳು ಕೂತು ಉಣ್ಣುತ್ತಿದ್ದಳು. ಇಬ್ಬರೂ ಒಂದೊಂದು ಹೆಜ್ಜೆ ಮುಂದೆ ಬಂದಂತಾಯಿತು, ಅಷ್ಟೇ.

ನೋವು ಕಾಣಿಸಿಕೊಂಡದ್ದು ಒಂದು ಮಧ್ಯಾಹ್ನ, ನಾನು ವಾರದ ರಜೆಯಲ್ಲಿದ್ದಾಗ. ಡೊಂಬಿವಲಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೆವು. ಎರಡೇ ಸ್ಟೇಷನ್. ತಾಯಿ ಮಗಳನ್ನು ಲೋಕಲ್ಲಿನ ಲೇಡೀಸ್ ಡಬ್ಬಿ ಹತ್ತಿಸಿ ನಾನು ಪಕ್ಕದ ಡಬ್ಬಿಯಲ್ಲಿ ನಿಂತೆ. ಆಸ್ಪತ್ರೆ ಮುಟ್ಟಿದ್ದೇ ಹೆಂಡತಿಯನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದರು.

ಬಾಗಿಲ ಎದುರು ಒಂದು ಮರದ ಬೆಂಚು ಇತ್ತು, ಇಬ್ಬರು ಆರಾಮಾಗಿ ಕೂರುವಂಥದ್ದು. ನಾನು ಕೂತರೆ ಅಕ್ಕ ಕೂರುವುದಿಲ್ಲ ಎಂದು ನಾನು ನಿಂತೆ. ನಾನು ನಿಂತಿರುವಾಗ ತಾನು ಕೂರುವುದು ಹೇಗೆಂದು ಅಕ್ಕ ಗೋಡೆಗೆ ಆತುಕೊಂಡು ನಿಂತಳು. ಒಂದು ತಾಸು ಹೀಗೇ ಹೋಯಿತು. ನೆಲ ಒರೆಸಲು ಬಂದ ಆಯಾ ನಮ್ಮಿಬ್ಬರನ್ನೂ ಖಾಲಿ ಬೆಂಚನ್ನೂ ನೋಡಿ, ಇದನ್ನು ಇಲ್ಲಿ ನೋಡಲಿಕ್ಕೆ ಇಟ್ಟಿಲ್ಲ ಎಂದು ಮರಾಠಿಯಲ್ಲಿ ಬೈದು ಹೋದಳು. ಆದರೂ ನಾವು ಕೂರಲಿಲ್ಲ.

ಒಳಗಿನಿಂದ ಹೆಂಡತಿಯ ಕೂಗು ಕೇಳತೊಡಗಿತು. ಒಂದು ಕೂಗು ಬಹಳ ದೊಡ್ಡದಾಗಿ ಬಂತು, ಆಮೇಲೆ ಏನೂ ಕೇಳಲಿಲ್ಲ. ನಾನು ಅಕ್ಕನ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಗೋಡೆ ಹಿಡಿದುಕೊಂಡೇ ಬೆಂಚಿನ ತನಕ ಬಂದು ಕುಸಿದು ಕೂತಳು. ಕೂತು, ಪಕ್ಕದ ಜಾಗದ ಮೇಲೆ ಕೈ ಇಟ್ಟಳು.

"ಅವ್ವ ಹೋದ ದಿನಾನೂ ನಾ ಹಿಂಗ ಬಾಗಲ ಹೊರಗ ನಿಂತಿದ್ನಿ," ಎಂದಳು. "ಕೂಗು ನಿಂತ ಮ್ಯಾಲ ಒಳಗ ಕರದು, ನಿನ್ನ ತಂದು ನನ್ನ ಕೈಯಾಗ ಹಾಕಿದ್ರು. ಇವತ್ತ ಒಬ್ಬಾಕಿನ ನಿಂದ್ರಾಕ ಆಗವಲ್ದು. ಬಾ, ಕುಂಡ್ರು."

ನಾನು ಹೋಗಿ ಕೂತೆ. ಅವಳು ನನ್ನ ಕೈಯನ್ನು ತನ್ನೆರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು. ನಾನು ಅಕ್ಕಾ, ಅಕ್ಕಾ ಎಂದಷ್ಟೇ ಅನ್ನುತ್ತಿದ್ದೆ, ಪ್ರತಿ ಸಲವೂ ಅವಳು ಹೂಂ ಎಂದು ಓಗೊಡುತ್ತಿದ್ದಳು. ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ. ಬಾಗಿಲ ಆಚೆಯಿಂದ ಮಗುವಿನ ಅಳು ಕೇಳಿತು, ಅದರ ಹಿಂದೆಯೇ ನೀರು ಕೊಡಿ ಎನ್ನುವ ಹೆಂಡತಿಯ ದನಿಯೂ ಕೇಳಿತು. ಅಕ್ಕ ನನ್ನ ಹೆಗಲಿಗೆ ತಲೆ ಕೊಟ್ಟು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟಳು.

ನರ್ಸ್ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು, ಹೆಣ್ಣು ಮಗು, ತಾಯಿ ಆರಾಮ ಎಂದಳು. ಮಗುವಿನ ಅಜ್ಜಿ ಯಾರೆಂದು ಕೇಳಿದಳು, ಅಕ್ಕ ತಲೆಯಾಡಿಸಿದಳು. ನನ್ನ ಕಡೆ ಬೊಟ್ಟು ಮಾಡಿ ಇವರು ಯಾರೆಂದು ಕೇಳಿದಳು. ಗಡಿ ಭಾಗದವಳಾದ ಅಕ್ಕನಿಗೆ ಮರಾಠಿ ಬರುತ್ತಿತ್ತು. "ಮಾಝಾ ಭಾವೂ," ಎಂದಳು, ನನ್ನ ತಮ್ಮ.

ಹಾಗಾದರೆ ಮಗುವಿನ ಅಪ್ಪ ಎಲ್ಲಿದ್ದಾರೆ, ಕರೆಯಿರಿ ಎಂದಳು ನರ್ಸ್. ನಾನೇ ಎಂದು ಎದ್ದು ನಿಂತೆ. ಅವಳು ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಸರಿಯಾಗಿ ಹೇಳಿ ಅಜ್ಜಿ, ಇವರು ನಿಮಗೇನಾಗಬೇಕು ಎಂದು ಮತ್ತೆ ಕೇಳಿದಳು. ಜಾವಯಿ, ಅಳಿಯ, ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕನಿಗೆ ಆ ಮಾತು ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಹಿಡಿದಿದ್ದ ನನ್ನ ಕೈ ಬಿಡದೆ, ಕಣ್ಣೊರೆಸಿಕೊಂಡು, ಮೊದಲಿಗಿಂತ ಗಟ್ಟಿಯಾಗಿ ಅದನ್ನೇ ಹೇಳಿದಳು.

"ಮಾಝಾ ಭಾವೂ."