ಬರಂಗಿಲ್ಲ ಅಂತ ಹೇಳಲು ಮಾಡಿದ ಫೋನು

ಆ ಸಂಜೆ ಕ್ರಾಸಿನಲ್ಲಿ ಯಾರ್ಯಾರು ಇದ್ದೆವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸಿಂದಗಿಯಿಂದ ಇಂಡಿಗೆ ಬರುವ ರಸ್ತೆಗೆ ನಾನು ಕಲಿಸುವ ಸಾಲಿ ಇರುವ ಹಳ್ಳಿಯ ದಾರಿ ಬಂದು ಕೂಡುತ್ತದೆ. ಕೂಡುವಲ್ಲಿ ಬೇವಿನ ಗಿಡದ ಕೆಳಗೆ ಒಬ್ಬ ವಯಸ್ಸಾದ ಹವಾಲ್ದಾರ, ಒಬ್ಬ ಹೊಸ ಪೊಲೀಸ. ಹಳ್ಳಿ ಕಡೆಯಿಂದ ಬಂದ ಮೂರು ಗಾಲಿಯ ಟಂಟಂನಲ್ಲಿ ಅದರ ಡ್ರೈವರ, ನಿಂಬೆ ತೋಟದ ಕೆಲಸ ಮುಗಿಸಿ ಇಂಡಿಗೆ ಮರಳುತ್ತಿದ್ದ ನಾಲ್ಕು ಹೆಂಗಸರು, ಒಬ್ಬ ಮುದುಕಿ. ಸಿಂದಗಿ ಕಡೆಯಿಂದ ಬಂದ ಕಾರಿನಲ್ಲಿ ಮೂವರು: ಸ್ಟೇರಿಂಗ್ ಹಿಡಿದ ನನ್ನ ಸೋದರಮಾವ, ಹಿಂದೆ ನಿದ್ದೆ ಹೋಗಿದ್ದ ಮಾಮಿ, ಮುಂದೆ ನಾನು.

ಆ ಟಂಟಂನಲ್ಲಿ ನಾನು ಆರು ವರ್ಷ ಇಂಡಿಯಿಂದ ಸಾಲಿಗೆ ಹೋಗಿಬಂದವನು. ಉಳಿದ ಮಾಸ್ತರರಿಗೆಲ್ಲ ಬೈಕಿತ್ತು, ನನಗೆ ಓಡಿಸಲು ಬರುತ್ತಿರಲಿಲ್ಲ. ಮುಂದಿನ ಸೀಟಿನ ಎಡತುದಿ ನನ್ನದು, ಡ್ರೈವರನ ಮೊಣಕೈ ತಾಗುವ ಹಾಗೆ. ಅವನ ಗಾಡಿಗೆ ಒಂದು ರೀತಿ ಇತ್ತು. ದಿನಾ ಬರುವವರು ಬರುವುದಿಲ್ಲ ಅಂತ ತಾವೇ ಬಾಯಿಬಿಟ್ಟು ಹೇಳುವ ತನಕ ಅವನು ಗಾಡಿ ಬಿಡುತ್ತಿರಲಿಲ್ಲ. ಹೀಗಾಗಿ ಅವನ ಫೋನು ಹಗಲೆಲ್ಲ ಬಡಕೊಳ್ಳುತ್ತಿತ್ತು. ಒಬ್ಬಳು ಒಲೆಯ ಮೇಲಿನ ಸಾರು ಇಳಿಸಿ ಬರುತ್ತೇನೆ ಅನ್ನುವಳು, ಇನ್ನೊಬ್ಬಳು ಎಮ್ಮೆ ಹಗ್ಗ ಹರಿದಿದೆ ಅನ್ನುವಳು. ಅವನು ತಲೆಗೆ ಸುತ್ತಿದ ಟವೆಲಿನಲ್ಲಿ ಫೋನನ್ನು ಕಿವಿಗೆ ಹತ್ತಿಸಿ ಸಿಗಿಸಿಕೊಂಡು, ಎರಡೂ ಕೈ ಹ್ಯಾಂಡಲ್ ಮೇಲಿಟ್ಟು, ಕೈ ಬಿಟ್ಟಿಲ್ಲ ನೋಡ್ರಿ ಸರ ಅಂತ ನನಗೆ ತೋರಿಸುತ್ತಿದ್ದ. ತಪ್ಪೇ ಅದು. ನಾನೂ ಒಂದೆರಡು ಸಲ ಹೇಳಿದ್ದೆ. ಆದರೆ ನನಗೆ ತಡವಾದ ದಿನ ನಾನೂ ಅದೇ ಫೋನಿಗೆ ಮಾಡುತ್ತಿದ್ದೆ.

ನನ್ನನ್ನು ಬೆಳೆಸಿದ ಆಯಿ ಒಂದು ಮಾತು ಹೇಳುತ್ತಿದ್ದಳು. ಊಟಕ್ಕೆ ಬರದವನು ಬರುವುದಿಲ್ಲ ಅಂತ ಹೇಳಿ ಕಳಿಸಬೇಕು, ಇಲ್ಲದಿದ್ದರೆ ಬಡಿಸಿಟ್ಟ ತಾಟು ಶಾಪ ಹಾಕುತ್ತದೆ ಅಂತ. ಆ ಮಾತು ನನ್ನ ಮೈಯಲ್ಲಿ ಕೂತಿದೆ.

ಅವತ್ತು ಮಧ್ಯಾಹ್ನ ಮಾವ ಕಾರು ತಂದು ಸಾಲಿಯ ಮುಂದೆ ನಿಲ್ಲಿಸಿದ. ಅವನ ಮಗಳ ಸಂಬಂಧದ ಮಾತುಕತೆ ಸಿಂದಗಿಯಲ್ಲಿ, ನಾನೂ ಕೂಡಬೇಕಂತೆ. ನನ್ನನ್ನು ಓದಿಸಿದವನು ಮಾವ. ದ್ರಾಕ್ಷಿ ತೋಟ, ಕಬ್ಬು, ಸುತ್ತ ಹತ್ತೂರಲ್ಲಿ ಗೌಡ್ರ ಅನ್ನಿಸಿಕೊಂಡವನು. ಅವನು ಬಾ ಅಂದರೆ ನಾನು ಯಾವತ್ತೂ ಯಾಕೆ ಅಂದಿಲ್ಲ. ಅರ್ಧ ದಿನದ ರಜೆ ಬರೆದುಕೊಟ್ಟು ಹತ್ತಿದೆ. ಟಂಟಂನವನಿಗೆ ಹೇಳುವುದು ಮರೆತೆ.

ಮಾತುಕತೆ ಚಲೋ ಆಯಿತು. ಊಟಕ್ಕೆ ಮೊದಲು ಬೀಗರು ಮಾವನನ್ನು ಹಿತ್ತಲಿನ ಶೆಡ್ಡಿಗೆ ಕರೆದುಕೊಂಡು ಹೋದರು. ಊಟದ ನಂತರ ಮತ್ತೊಮ್ಮೆ ಕರೆದುಕೊಂಡು ಹೋದರು. ಹೊರಡುವಾಗ ಮಾವ ಕಾರಿನ ಬಾಗಿಲ ಹಿಡಿಕೆಯನ್ನು ಎರಡು ಸಲ ಹುಡುಕಿದ. ನಾನು ನೋಡಿದೆ. ಮಾಮಿಯೂ ನೋಡಿದಳು. ಇಬ್ಬರೂ ಹತ್ತಿ ಕೂತೆವು.

ದಾರಿಯಲ್ಲಿ ಒಂದು ಊರಿನ ಹತ್ತಿರ ಡಾಂಬರಿನ ಮೇಲೆ ತೊಗರಿ ಹಾಕಿದ್ದರು. ಗಾಡಿ ಹಾಯ್ದು ಕಾಳು ಬಿಡಲಿ ಅಂತ ಹಾಕುತ್ತಾರೆ, ಎಲ್ಲರೂ ಅದರ ಮೇಲೆ ಮೆಲ್ಲಗೆ ಹಾಯುತ್ತಾರೆ. ಮಾವ ಮೆಲ್ಲಗಾಗಲಿಲ್ಲ. ರಸ್ತೆಯ ಅಂಚಿನಲ್ಲಿ ಹಸನ ಮಾಡುತ್ತಿದ್ದ ಹೆಣ್ಣುಮಗಳು ಕಾಲುವೆಗೆ ಹಾರಿದಳು. ಗಾಲಿಯ ಕೆಳಗೆ ಏನೋ ಮುರಿದ ಸದ್ದಾಯಿತು.

"ಏನಾತು?" ಅಂದ ಮಾವ.

"ಮರ," ಅಂದೆ. ಅವಳ ಕೈಯಲ್ಲಿದ್ದ ಕೇರುವ ಮರ.

"ಮರ ಅಲ್ಲೇನು," ಅಂತ ಮಾವ ಹಾಡು ಜೋರು ಮಾಡಿದ.

ನನಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಕಾಲು ಜೋಮು ಹಿಡಿದಿತ್ತು, ಅದನ್ನು ತಿಕ್ಕಿಕೊಳ್ಳುತ್ತ ಕೂತೆ. ಕಿಸೆಯಿಂದ ಫೋನು ತೆಗೆದಾಗ ಟಂಟಂನವನ ಮೂರು ಕಾಲ್ ಬಂದಿದ್ದವು. ಮಾತುಕತೆ ನಡೆದಾಗ ನಾನು ಸದ್ದು ಬಂದ್ ಮಾಡಿದ್ದೆ. ಆಯಿಯ ತಾಟು ನೆನಪಾಯಿತು. ಇನ್ನೂ ಊರಬಾಗಿಲ ಅಗಸಿಯ ಮುಂದೆ ನಿಂತಿರುತ್ತಾನೆ, ಹೆಂಗಸರು ಬೈಯುತ್ತಿರುತ್ತಾರೆ ಅಂದುಕೊಂಡು ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಸರ, ಎಲ್ಲಿದ್ದೀರಿ? ನಿಮ್ಮ ದಾರಿ ನೋಡಿ ನೋಡಿ ಈಗ ಬಿಟ್ಟೇನ್ರಿ. ಅರಾಮ ಅದೀರಿಲ್ಲೋ?"

ನಾನು ಇವತ್ತು ಬರಂಗಿಲ್ಲಪಾ ಅನ್ನುತ್ತಿದ್ದೆ. ಆಗ ಸೀಟಿ ಊದಿದ ಸದ್ದು ಕೇಳಿತು. ಫೋನಿನಲ್ಲೂ ಕೇಳಿತು, ಎದುರಿನ ಬೇವಿನ ಗಿಡದ ಕಡೆಯಿಂದಲೂ ಕೇಳಿತು. ನೋಡಿದರೆ ಟಂಟಂ ಕ್ರಾಸಿನಲ್ಲಿ ನಿಂತಿದೆ, ಹೊಸ ಪೊಲೀಸನ ಕೈ ಆಗಲೇ ಚಾವಿಯ ಮೇಲಿದೆ.

ನಾನು ಫೋನು ಕಟ್ ಮಾಡಿದೆ.

ಹೊಸ ಪೊಲೀಸ ನಮ್ಮ ಕಾರಿಗೂ ಕೈ ಅಡ್ಡ ಮಾಡಿದ. ಅವನಿಗೆ ಗೊತ್ತಿರಲಿಲ್ಲ ಪಾಪ. ಕಾರು ಟಂಟಂನ ಮಗ್ಗುಲಿಗೇ ನಿಂತಿತು, ನಡುವೆ ಎರಡು ಮಾರು ಜಾಗ. ಡ್ರೈವರನನ್ನು ಇಳಿಸಿ ಊದುವ ಯಂತ್ರವನ್ನು ಬಾಯಿಗೆ ಹಿಡಿದಿದ್ದರು. ಊದಿದ. ಏನೂ ಬರಲಿಲ್ಲ. ಮತ್ತೊಮ್ಮೆ ಊದಿಸಿದರು.

"ಅವಗ್ಯಾಕ ಊದಸ್ತೀಯೋ ಯಪ್ಪಾ," ಅಂದಳು ಒಳಗಿದ್ದ ಮುದುಕಿ. "ಅವ ಚಾ ಸೈತ ಕುಡಿಯಂಗಿಲ್ಲ. ನನಗರೆ ಊದಸು, ಮುಂಜಾನಿಂದ ಬರೇ ಗಾಳಿ ಐತಿ ಹೊಟ್ಟ್ಯಾಗ."

ಹೆಂಗಸರು ನಕ್ಕರು. ಹವಾಲ್ದಾರ ನಗಲಿಲ್ಲ. ಟವೆಲಿನಲ್ಲಿದ್ದ ಫೋನು ಕಿತ್ತು ಹಿಡಿದುಕೊಂಡು, ಯಾರ ಜೋಡಿ ಮಾತಾಡುತ್ತಿದ್ದೆ ಅಂತ ಕೇಳಿದ.

"ಸಾಲಿ ಮಾಸ್ತರದ್ರಿ ಸಾಹೇಬ್ರ. ಅವರು ಬರಲಿಲ್ಲಂತ…"

"ಯಾವ ಮಾಸ್ತರ? ಎಲ್ಲದಾನ?"

ಡ್ರೈವರ ಆಗ ಈ ಕಡೆ ನೋಡಿದ. ನನ್ನ ಗಾಜು ಇಳಿದಿತ್ತು. ಫೋನು ಇನ್ನೂ ನನ್ನ ಕೈಯಲ್ಲಿತ್ತು. ಅವನು ನನ್ನನ್ನು ನೋಡಿದ, ನನ್ನ ಆಚೆ ಕೂತಿದ್ದ ಮಾವನನ್ನು ನೋಡಿದ.

"ಇಲ್ರಿ," ಅಂದ. "ಮನ್ಯಾಗಿಂದ ಬಂದಿತ್ರಿ. ತಪ್ಪಾತು."

ಇಳಿದು ಎರಡು ಹೆಜ್ಜೆ ಇಟ್ಟು, ಫೋನು ಮಾಡಿದವನು ನಾನು, ಅವನ ತಪ್ಪಿನಲ್ಲಿ ಅರ್ಧ ನನ್ನದು ಅಂತ ಹೇಳಬಹುದಿತ್ತು. ಅಷ್ಟರಲ್ಲಿ ಹವಾಲ್ದಾರ ನಮ್ಮ ಕಾರನ್ನು ಗುರುತಿಸಿ, ಹೊಸಬನನ್ನು ಬದಿಗೆ ಸರಿಸಿ, ಮಾವನ ಕಿಟಕಿಗೆ ಬಂದು ಬಾಗಿದ. ಬಾಗಿದವನ ಮೂಗಿಗೆ ವಾಸನೆ ಬಡಿದದ್ದು ಅವನ ಹುಬ್ಬಿನಲ್ಲಿ ಕಂಡಿತು. ಹುಬ್ಬು ಮತ್ತೆ ಇಳಿಯಿತು.

"ಗೌಡ್ರ, ನೀವೇನ್ರಿ? ಹುಡುಗಗ ಗೊತ್ತಾಗಿಲ್ರಿ. ಹೋಗಿಬರ್ರಿ."

ಮಾವ ಊಟ ಆಯಿತೇ ಅಂತ ಅವನನ್ನು ವಿಚಾರಿಸಿದ. ಮಗಳ ಕೆಲಸ ಗಟ್ಟಿಯಾಯಿತು, ಮದುವೆಗೆ ಬರಬೇಕು ಅಂದ. ಹವಾಲ್ದಾರ ಬರುತ್ತೇನೆ ಅಂದ. ಈ ಮಾತೆಲ್ಲ ನಡೆಯುವಾಗ ಊದುವ ಯಂತ್ರ ಅವನ ಕೈಯಲ್ಲೇ ಇತ್ತು. ಹಿಂದೆ ಎಚ್ಚರಾದ ಮಾಮಿ, ಧೂಳು ಬರುತ್ತದೆ ಗಾಜು ಏರಿಸು ಅಂದಳು. ನಾನು ಏರಿಸಿದೆ. ಕಾರು ಹೊರಟಿತು.

ಟಂಟಂನವನ ಲೈಸೆನ್ಸು ಮೂರು ತಿಂಗಳು ಅಮಾನತಾಯಿತು. ಈ ಸುದ್ದಿ ನನಗೆ ಮುದುಕಿಯಿಂದ ತಿಳಿಯಿತು. ಒಂದು ರವಿವಾರ ಮಾವನ ಮನೆಗೆ ಹೋಗಿ ವಿಷಯ ತೆಗೆದೆ. ಗಾಡಿ ಹೊಡೆಯುವಾಗ ಫೋನಿನಲ್ಲಿ ಮಾತಾಡಿದರೆ ಬಿಡುತ್ತಾರೇನು, ಕಾಯ್ದೆ ಇದೆಯಲ್ಲ ಅಂದ ಮಾವ. ವ್ಯಂಗ್ಯಕ್ಕೆ ಅಂದದ್ದಲ್ಲ, ಮನಸ್ಸಿನಿಂದಲೇ ಅಂದ. ಆಮೇಲೆ, ನಿನ್ನ ಮಂದಿ ಅಂದರೆ ಒಂದು ಮಾತು ಹೇಳೋಣ, ಅವನು ಬಂದು ನನ್ನ ಕಡೆ ಕೇಳಲಿ ಅಂದ.

ಆ ಮಾತನ್ನು ಹೊತ್ತುಕೊಂಡು ನಾನು ಇಂಡಿಯಲ್ಲಿದ್ದ ಅವನ ಮನೆಗೆ ಹೋದೆ. ಗಾಡಿಗೆ ತಾಡಪತ್ರಿ ಹೊದಿಸಿದ್ದ. ತಾನು ನಿಂಬೆಹಣ್ಣಿನ ಬಜಾರದಲ್ಲಿ ಚೀಲ ಹೊಲಿಯುತ್ತಿದ್ದೇನೆ ಅಂದ. ದಬ್ಬಣ ಚುಚ್ಚಿದ ಬೆರಳಿಗೆ ನಿಂಬೆಯ ರಸ ಹತ್ತಿ ಉರಿಯುತ್ತದಂತೆ, ಅದನ್ನು ನಕ್ಕು ಹೇಳಿದ. ಹೆಂಡತಿಗೆ ಚಹಾ ಮಾಡಲು ಹೇಳಿದ, ನನಗೊಬ್ಬನಿಗೇ. ಮಾವನ ಮಾತು ಮುಟ್ಟಿಸಿದೆ.

"ಬ್ಯಾಡ್ರಿ ಸರ," ಅಂದ. "ತಪ್ಪು ಮಾಡೇನಿ, ಮೂರು ತಿಂಗಳು ಕುಂದರ್ತೇನಿ. ಅವರ ಮನಿ ಕಟ್ಟಿಗೆ ಹೋಗಿ ನಿಂತ್ರ ಮುಂದ ಯಾವಾಗಲೂ ನಿಂದರಬೇಕಾಗತೈತಿ."

ಆ ದಿನ ಕಾರಿನಲ್ಲಿ ನಾನಿದ್ದೆ ಅನ್ನುವುದನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಚಹಾ ಕುಡಿದು ಬಂದೆ. ಆ ಮೂರು ತಿಂಗಳಲ್ಲಿ ಸಾಲಿ ಇದ್ದಷ್ಟು ದಿನ ಬಸ್ಸಿನಲ್ಲಿ ಕ್ರಾಸಿನ ತನಕ ಹೋಗಿ, ಅಲ್ಲಿಂದ ಹಳ್ಳಿಗೆ ನಡೆದೆ. ದಿನಾ ಎರಡು ಸಲ ಆ ಬೇವಿನ ಗಿಡದ ಕೆಳಗೆ ಹಾಯುತ್ತಿದ್ದೆ. ಹವಾಲ್ದಾರ ಶರಣ್ರಿ ಮಾಸ್ತರ ಅನ್ನುತ್ತಿದ್ದ, ನಾನೂ ಶರಣ್ರಿ ಅನ್ನುತ್ತಿದ್ದೆ. ಸಿಟ್ಟು ಬರುತ್ತದೇನೋ ಅಂತ ಒಳಗೆ ಕೈ ಹಾಕಿ ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ.

ಬೇಸಿಗೆ ರಜೆ ಮುಗಿದು ಸಾಲಿ ಶುರುವಾದಾಗ ಟಂಟಂ ಮತ್ತೆ ಬಂತು. ನನ್ನ ಜಾಗ ನನಗೇ ಇಟ್ಟಿದ್ದ. ತಲೆಯ ಮೇಲೆ ಟವೆಲು ಇತ್ತು, ಅದರಲ್ಲಿ ಫೋನು ಇರಲಿಲ್ಲ. ಸೀಟಿನ ಕೆಳಗಿನ ಡಬ್ಬಿಯಲ್ಲಿ ಹಾಕಿ ಕೀಲಿ ಹಾಕುತ್ತೇನೆ ಅಂದ. ಹೆಂಗಸರು ಮೊದಮೊದಲು ಜಗಳಾಡಿದರು, ಆಮೇಲೆ ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿತರು.

ಒಂದು ಸಂಜೆ ಹೆಡ್‌ಮಾಸ್ತರರು ಕರೆದು ಏನೋ ಬರೆಸಿದರು. ಫೋನು ಮಾಡಿದೆ, ಅದು ಎಲ್ಲೋ ಡಬ್ಬಿಯಲ್ಲಿ ಬಡಕೊಂಡಿತು. ಅಗಸಿಗೆ ಓಡಿ ಹೋಗುವಷ್ಟರಲ್ಲಿ ಟಂಟಂ ಹೋಗಿತ್ತು. ಕ್ರಾಸಿಗೆ ನಡೆದು ಬಸ್ಸು ಹಿಡಿದೆ.

ಮರುದಿನ ಮುಂಜಾನೆ ಇಂಡಿಯಲ್ಲಿ ಎಂದಿನ ಹಾಗೆ ಎಂಟೂವರೆಗೆ ಅವನು ಬಂದ. ನಾನು ಎಂಟೂ ಇಪ್ಪತ್ತಕ್ಕೇ ಬಂದು ನಿಂತಿದ್ದೆ. ಅವನು ಮೊಣಕೈ ಒಳಗೆ ತೆಗೆದುಕೊಂಡ, ನಾನು ಹತ್ತಿ ಕೂತೆ.